ಪರಿಚಿತರನ್ನು ಕಚ್ಚುವ ನಾಯಿ

ಸಾಕುನಾಯಿ ತನ್ನ ಮನೆಯವರನ್ನೋ, ದಿನಾ ಕಂಡು ಬಾಲ ಅಲ್ಲಾಡಿಸುವ ನೆರೆಕರೆಯವರನ್ನೋ, ವರ್ಷಗಟ್ಟಲೆ ತೋಟಕ್ಕೆ ಬಂದುಹೋಗುವ ಕೆಲಸದವರನ್ನೋ ಕಚ್ಚುವುದು ನಾಯಿಕಡಿತಗಳಲ್ಲಿ ಬೇರೆಯೇ ಒಂದು ಬಗೆ. ಬೀದಿನಾಯಿ ಕಚ್ಚಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಾಕುನಾಯಿಯ ಕಡಿತ ಅಂಗಳದಲ್ಲೇ ಮುಚ್ಚಿಹೋಗುತ್ತದೆ. ಕಚ್ಚಿಸಿಕೊಂಡವರು ಸಂಕೋಚಕ್ಕೆ ಸುಮ್ಮನಾಗುತ್ತಾರೆ, ಸಾಕಿದವರು ಗಾಯಕ್ಕೆ ಅರಸಿನ ಹಚ್ಚಿ ಕಳಿಸುತ್ತಾರೆ. "ಇಷ್ಟರವರೆಗೆ ಯಾರಿಗೂ ಏನೂ ಮಾಡಿದ್ದಲ್ಲ, ಇವತ್ತು ಒಮ್ಮೆಲೇ ಕಚ್ಚಿತು" ಎಂಬ ಮಾತು ಇಂಥ ಪ್ರಸಂಗಗಳಲ್ಲೆಲ್ಲ ಕೇಳಿಬರುತ್ತದೆ. ಮಾತಿನ ಮೊದಲ ಅರ್ಧ ಹೆಚ್ಚಾಗಿ ನಿಜವೇ. ಎರಡನೆಯ ಅರ್ಧವನ್ನು ಮಾತ್ರ ನಾಯಿಗಳ ವರ್ತನೆಯನ್ನು ಅಭ್ಯಾಸ ಮಾಡಿದವರು ಒಪ್ಪುವುದಿಲ್ಲ. ರೇಬೀಸ್ ಮತ್ತು ಮಿದುಳಿನ ಕೆಲವು ಕಾಯಿಲೆಗಳನ್ನು ಬಿಟ್ಟರೆ ಮುನ್ಸೂಚನೆಯೇ ಇಲ್ಲದ ಕಡಿತ ಅಪರೂಪ. ಸೂಚನೆ ಇರುತ್ತದೆ; ಪರಿಚಯದ ಸಲುಗೆಯಲ್ಲಿ ಅದನ್ನು ಯಾರೂ ನೋಡಿರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರ ಮಾರ್ಚ್‌ನಿಂದ 2023ರ ಆಗಸ್ಟ್‌ವರೆಗೆ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಮಂದಿಗೆ ಪ್ರಾಣಿಗಳು ಕಚ್ಚುತ್ತವೆ. ಅವುಗಳಲ್ಲಿ ನಾಲ್ಕಕ್ಕೆ ಮೂರು ನಾಯಿಯ ಕಡಿತಗಳು. ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಲಸಿಕೆಯನ್ನೇ ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳಲು ಶುರುಮಾಡಿದವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪೂರ್ತಿ ಮಾಡಿರಲಿಲ್ಲ.

ಕಕ್ಕಿಂಜೆಯ ಸುತ್ತಿನ ನಾಯಿಗಳು

ಇಂಥ ಕಡಿತಗಳ ಹಿನ್ನೆಲೆಯನ್ನು ನೋಡಲು ಒಂದು ಊರನ್ನು ತೆಗೆದುಕೊಳ್ಳೋಣ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಕಕ್ಕಿಂಜೆಯು ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಉಜಿರೆ ದಾಟಿದ ಮೇಲೆ, ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಸಣ್ಣ ಪೇಟೆ. ಸುತ್ತ ಚಾರ್ಮಾಡಿ, ಚಿಬಿದ್ರೆ, ನೆರಿಯ, ತೋಟತ್ತಾಡಿ ಗ್ರಾಮಗಳು. ಬಯಲುಸೀಮೆಯ ಊರುಗಳ ಹಾಗೆ ಇಲ್ಲಿ ಮನೆಗಳು ಒತ್ತಟ್ಟಿಗಿಲ್ಲ. ಅಡಿಕೆ, ತೆಂಗು, ರಬ್ಬರಿನ ತೋಟಗಳ ನಡುವೆ ಒಂದೊಂದು ಮನೆ, ಮಧ್ಯೆ ತೋಡು, ಗುಡ್ಡ, ಕಾಡಿನ ಅಂಚು. ರಾತ್ರಿ ಚಿರತೆ, ಹಂದಿ, ಕೆಲವೆಡೆ ಆನೆ, ಹಗಲು ಮಂಗ. ಈ ಭೂಗೋಳದಲ್ಲಿ ನಾಯಿ ಮುದ್ದಿನ ಪ್ರಾಣಿ ಆಮೇಲೆ, ಕಾವಲಿನ ಆಳು ಮೊದಲು. ಹಗಲಿಗೆ ಸಂಕಲೆ ಅಥವಾ ಗೂಡು, ರಾತ್ರಿ ಬಿಡುಗಡೆ ಎಂಬುದು ತೋಟದ ಮನೆಗಳಲ್ಲಿ ಸಾಮಾನ್ಯವಾದ ಪದ್ಧತಿ. ಊರಿನ ನಾಟಿ ನಾಯಿಯಾಗಲಿ, ಜಾತಿ ನಾಯಿ ಎಂದು ಹೇಳಿ ದುಡ್ಡು ಕೊಟ್ಟು ತಂದ ಅಲ್ಸೇಶಿಯನ್ ಬೆರಕೆಯಾಗಲಿ, ಬಹುಪಾಲು ನಾಯಿಗಳ ದಿನಚರಿ ಇದೇ.

ಕಟ್ಟಿದ ನಾಯಿಯ ಲೋಕ ಸಂಕಲೆಯ ಉದ್ದದಷ್ಟೇ. ಸ್ವಿಟ್ಸರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಪ್ರತಿಯೊಂದು ಪ್ರಾಣಿಗೂ ಒಂದು ಓಟದ ಅಂತರವಿದೆ ಎಂದು ತೋರಿಸಿಕೊಟ್ಟ. ಭಯ ಹುಟ್ಟಿಸುವ ವಸ್ತು ಅಷ್ಟು ಹತ್ತಿರ ಬಂದರೆ ಪ್ರಾಣಿ ದೂರ ಸರಿಯುತ್ತದೆ. ಸರಿಯಲು ದಾರಿಯಿಲ್ಲದೆ ಇನ್ನೂ ಹತ್ತಿರವಾದರೆ ಎರಗುತ್ತದೆ. ಕಟ್ಟಿಹಾಕಿದ ನಾಯಿಗೆ ಸರಿಯುವ ಆಯ್ಕೆಯನ್ನು ನಾವೇ ಕಿತ್ತುಕೊಂಡಿರುತ್ತೇವೆ. ಅಮೆರಿಕದ ಡೆನ್ವರಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಜೋಡಿಸಿ ನೋಡಿತು. ಅಂಗಳದಲ್ಲಿ ಕಟ್ಟಿಹಾಕುವ ನಾಯಿ ಕಚ್ಚುವ ಸಂಭವ ಸುಮಾರು 2.8 ಪಟ್ಟು, ಶಸ್ತ್ರಚಿಕಿತ್ಸೆ ಮಾಡಿಸದ ನಾಯಿಯದು 2.6 ಪಟ್ಟು, ಗಂಡು ನಾಯಿಯದು 6.2 ಪಟ್ಟು ಹೆಚ್ಚು ಎಂದು ಅದು ಲೆಕ್ಕ ಹಾಕಿತು. ಆ ಅಧ್ಯಯನ ಮನೆಯ ಹೊರಗಿನವರಿಗೆ ಆದ ಕಡಿತಗಳಿಗೆ ಸೀಮಿತವಾದದ್ದು. ಆದರೆ ನಮ್ಮ ತೋಟದ ಮನೆಗಳ ಕೆಲಸದವರು, ನೆರೆಕರೆಯವರು, ಮೀಟರ್ ನೋಡಲು ಬರುವವರು, ಆಶಾ ಕಾರ್ಯಕರ್ತೆಯರು ಸೇರುವುದು ಅದೇ ಗುಂಪಿಗೆ. ಅವರು ಅಂಗಳದ ಕರೆಯಲ್ಲಿ ನಿಂತಾಗ ಜಗಲಿಯಿಂದ ಬರುವ "ಬನ್ನಿ ಬನ್ನಿ, ಅದು ಏನೂ ಮಾಡುದಿಲ್ಲ" ಎಂಬ ಸ್ವಾಗತ ನಾಯಿಯ ಮನಸ್ಸನ್ನು ಕೇಳಿ ಹೇಳಿದ್ದಲ್ಲ.

ದೀರ್ಘಕಾಲ ಕಟ್ಟಿಹಾಕುವುದಕ್ಕೆ ಕಾನೂನಿನ ತಡೆಯೂ ಇದೆ. ಪ್ರಾಣಿಹಿಂಸೆ ತಡೆ ಕಾಯಿದೆ, 1960ರ 11ನೇ ಕಲಮು ನಾಯಿಯನ್ನು ಸದಾ ಕಟ್ಟಿಟ್ಟು ಅಥವಾ ಗೂಡಿನಲ್ಲಿಟ್ಟು ಓಡಾಡಿಸದೆ ಇರುವುದನ್ನು ಕ್ರೌರ್ಯದ ಪಟ್ಟಿಗೆ ಸೇರಿಸಿದೆ. ಈ ಕಲಮಿನ ನೆನಪು ಯಾರಿಗೂ ಇದ್ದಂತಿಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಬರುವ ಕಡಿತ

ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ನಾಯಿಯ ಎಚ್ಚರಿಕೆಗಳನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಿಕೊಟ್ಟಿದ್ದಾರೆ. ಕೆಳಗಿನ ಮೆಟ್ಟಿಲಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ತನ್ನ ಮೂಗನ್ನು ತಾನೇ ನೆಕ್ಕಿಕೊಳ್ಳುವುದು. ಆಮೇಲೆ ಮುಖ ತಿರುಗಿಸುವುದು, ಮೈ ತಿರುಗಿಸುವುದು, ಎದ್ದು ಹೋಗುವುದು. ಅದರ ಮೇಲೆ ಕಿವಿ ಹಿಂದಕ್ಕೆ ಒತ್ತಿಕೊಂಡು ತಗ್ಗುವುದು, ಬಾಲವನ್ನು ಕಾಲಿನ ಸಂದಿಗೆ ಎಳೆದುಕೊಳ್ಳುವುದು, ಅಂಗಾತ ಮಲಗಿ ಕಾಲೆತ್ತುವುದು. ನಂತರ ಮೈ ಸೆಟೆದು ದಿಟ್ಟಿಸುವುದು, ಗುರ್ರೆನ್ನುವುದು, ಗಾಳಿಗೆ ಬಾಯಿಹಾಕುವುದು. ಕೊನೆಯದು ಕಡಿತ. ನಾರ್ವೆಯ ತರಬೇತುದಾರೆ ಟುರಿಡ್ ರೂಗಾಸ್ ಕೆಳಗಿನ ಮೆಟ್ಟಿಲುಗಳನ್ನು ನಾಯಿ ಎದುರಿನವರನ್ನು ಸಮಾಧಾನಪಡಿಸಲು ಕೊಡುವ ಸನ್ನೆಗಳೆಂದು ಗುರುತಿಸಿ ಜನಪ್ರಿಯಗೊಳಿಸಿದರು.

ಈ ಸನ್ನೆಗಳನ್ನು ಹತ್ತಿರದಿಂದ ನೋಡಲು ಜಗಲಿಯ ಒಂದು ಸಾಮಾನ್ಯ ನೋಟ ಸಾಕು. ಬೇಸಿಗೆ ರಜೆಗೆ ಅಜ್ಜನ ಮನೆಗೆ ಬಂದ ಮಗು ನಾಯಿಯ ಕುತ್ತಿಗೆಗೆ ಎರಡೂ ಕೈ ಹಾಕಿ ಅಪ್ಪಿಕೊಂಡಿದೆ. ಎದುರಿಗೆ ಯಾರೋ ಮೊಬೈಲ್ ಹಿಡಿದು ಫೋಟೊ ತೆಗೆಯುತ್ತಿದ್ದಾರೆ. ಮಗು ನಗುತ್ತಿದೆ. ನಾಯಿಯ ಬಾಯಿ ಬಿಗಿದು ಮುಚ್ಚಿದೆ, ತುಟಿಯ ಮೂಲೆ ಹಿಂದಕ್ಕೆ ಸರಿದಿದೆ, ಕಿವಿ ತಲೆಗೆ ಅಂಟಿದೆ, ಮುಖ ಮಗುವಿನಿಂದ ಆಚೆಗೆ ತಿರುಗಿದೆ, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುತ್ತಿದೆ. ನಾಲಿಗೆ ಒಮ್ಮೆ ಮೂಗಿಗೆ ತಾಗಿ ಒಳಗೆ ಹೋಯಿತು. ಅಪ್ಪಿಕೊಳ್ಳುವುದು ಮನುಷ್ಯರಿಗೆ ಪ್ರೀತಿ. ನಾಯಿಗೆ ಅದು ಓಡಲಾಗದಂತೆ ಹಿಡಿದಿಟ್ಟದ್ದು. ಇಂಥ ಫೋಟೊಗಳು ವಾಟ್ಸಾಪಿನಲ್ಲಿ ಮೆಚ್ಚುಗೆ ಪಡೆಯುತ್ತವೆ. ಮಗುವಿನ ಮುಖ ನಾಯಿಯ ಹಲ್ಲಿನ ಎತ್ತರದಲ್ಲೇ ಇರುವುದರಿಂದ ಚಿಕ್ಕಮಕ್ಕಳಿಗೆ ಕಡಿತ ಬೀಳುವುದು ಹೆಚ್ಚಾಗಿ ತಲೆ, ಮುಖ, ಕುತ್ತಿಗೆಗೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಕಡಿತದ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಬೊಗಳಿದ ನಾಯಿಯೂ ಕಚ್ಚುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿ ಎಂದರೆ ಗುರ್ರೆಂದ ನಾಯಿಗೆ ಕೊಡುವ ಪೆಟ್ಟು. ಅನ್ನದ ತಟ್ಟೆಯ ಬಳಿ ಗುರ್ರೆಂದ ನಾಯಿಗೆ ಅಡಿಕೆ ಸಲಾಕೆಯಲ್ಲಿ ಎರಡು ಬಾರಿಸಿದರೆ ಅದು ಗುರ್ರೆನ್ನುವುದನ್ನು ನಿಲ್ಲಿಸುತ್ತದೆ, ತಟ್ಟೆಯ ಬಗೆಗಿನ ಆತಂಕ ಹಾಗೆಯೇ ಉಳಿಯುತ್ತದೆ. ಏಣಿಯ ನಡುವಿನ ಮೆಟ್ಟಿಲು ಕಿತ್ತಂತಾಗುತ್ತದೆ. ಮುಂದಿನ ಸಲ ನಾಯಿ ಮೌನದಿಂದ ನೇರವಾಗಿ ಕಡಿತಕ್ಕೆ ಹಾರುತ್ತದೆ. "ಒಮ್ಮೆಲೇ ಕಚ್ಚಿತು" ಎನಿಸಿಕೊಂಡ ನಾಯಿಗಳಲ್ಲಿ ಹೀಗೆ ಪೆಟ್ಟು ತಿಂದು ಮೂಕವಾದವು ಬಹಳ. ಬಾಲ ಅಲ್ಲಾಡಿಸುವುದನ್ನೂ ಪೂರ್ತಿ ನಂಬುವಂತಿಲ್ಲ. ಇಡೀ ಸೊಂಟ ಬಳುಕಿಸುತ್ತ ಸಡಿಲವಾಗಿ ಆಡುವ ಬಾಲ ಬೇರೆ. ಮೇಲಕ್ಕೆ ನಿಮಿರಿ ತುದಿ ಮಾತ್ರ ಚುರುಕಾಗಿ ಅದುರುವ ಬಾಲ ಬೇರೆ. ಎರಡನೆಯದು ಉದ್ವೇಗದ ಗುರುತು.

ನೋವು

ಇದುವರೆಗೆ ಸಾಧುವಾಗಿದ್ದ ನಾಯಿ ಕಚ್ಚಿದಾಗ ಮೊದಲು ಹುಡುಕಬೇಕಾದ ಕಾರಣ ನೋವು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ವರ್ತನೆಯ ದೋಷಕ್ಕೆಂದು ತಜ್ಞರ ಬಳಿಗೆ ಬಂದ ಪ್ರಾಣಿಗಳಲ್ಲಿ ಕಡಿಮೆ ಎಂದರೂ ಮೂರರಲ್ಲಿ ಒಂದಕ್ಕೆ ಯಾವುದಾದರೊಂದು ನೋವಿನ ಕಾಯಿಲೆ ಇರುತ್ತದೆ, ಕೆಲವು ಕಡೆ ಈ ಪ್ರಮಾಣ ಶೇ. 80ರ ಹತ್ತಿರ ಹೋಗುತ್ತದೆ ಎಂದಿದ್ದಾರೆ. ಬಾರ್ಸಿಲೋನಾದ ಪಶುವೈದ್ಯರು 2012ರಲ್ಲಿ ನೋವಿನಿಂದ ಆಕ್ರಮಣಕಾರಿಯಾದ 12 ನಾಯಿಗಳನ್ನು ಪರೀಕ್ಷಿಸಿ ವರದಿ ಮಾಡಿದರು. ಸೊಂಟದ ಕೀಲಿನ ದೋಷ ಅವುಗಳಲ್ಲಿ ಮುಖ್ಯ ಕಾರಣವಾಗಿತ್ತು. ಮೊದಲು ಆಕ್ರಮಣದ ಸ್ವಭಾವವಿಲ್ಲದೆ ನೋವು ಶುರುವಾದ ಮೇಲೆ ಕಚ್ಚತೊಡಗಿದ ನಾಯಿಗಳು ಮುಟ್ಟಿದಾಗ, ಹಿಡಿದಾಗ ತಟ್ಟನೆ ಬಾಯಿಹಾಕುತ್ತಿದ್ದವು.

ಘಾಟಿಯ ಬುಡದ ನಾಯಿಗಳಿಗೆ ನೋವಿನ ಮೂಲಗಳು ಧಾರಾಳ. ತೋಟದ ಹುಲ್ಲಿನಿಂದ ಹತ್ತಿದ ಉಣ್ಣಿಗಳು ಕಿವಿಯ ಒಳಮಡಿಕೆಯಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಗೊಂಚಲಾಗಿ ಕೂರುತ್ತವೆ. ಅವು ಹರಡುವ ಎರ್ಲಿಕಿಯಾ ಸೋಂಕಿನಿಂದ ಜ್ವರ, ರಕ್ತಹೀನತೆ, ಕೆಲವೊಮ್ಮೆ ಕೀಲುನೋವು ಬರುತ್ತದೆ. ನಾಯಿ ಮೂಲೆ ಹಿಡಿದು ಮಲಗುತ್ತದೆ. ಮಳೆಗಾಲದಲ್ಲಿ ಕಿವಿ ಸೋರುವುದು, ಮೈಯ ಗಾಯಕ್ಕೆ ಹುಳವಾಗುವುದು ಮಾಮೂಲು. ಮುಳ್ಳುಹಂದಿಯ ಜೊತೆ ಸೆಣಸಿ ಬಂದ ನಾಯಿಯ ಮೂತಿಯಿಂದ ಮುಳ್ಳು ಕಿತ್ತರೂ ತುಂಡಾದ ತುದಿ ಒಳಗೆ ಉಳಿಯಬಹುದು. ಬಿಗಿಯಾದ ಬೆಲ್ಟಿನ ಅಡಿಯ ಚರ್ಮ ಒದ್ದೆಯಾಗಿ ಕೊಳೆಯುತ್ತದೆ. ಇಂಥ ನಾಯಿಯ ತಲೆ ಸವರಲು ಪ್ರೀತಿಯ ಕೈ ಬಂದಾಗ ಬೆರಳು ಸೋರುವ ಕಿವಿಗೆ ತಾಗುತ್ತದೆ. ಎರಡು ಸಲ ಹಾಗಾದರೆ ಮೂರನೆಯ ಸಲ ಕೈ ಮೇಲೆತ್ತಿದಾಗಲೇ ನಾಯಿ ಬಾಯಿಹಾಕುತ್ತದೆ. ಗಂಟೆಯ ಸದ್ದನ್ನು ಆಹಾರದೊಂದಿಗೆ ಜೋಡಿಸಿಕೊಂಡ ನಾಯಿಗಳ ಕುರಿತು ಎಲ್ಲರೂ ಓದಿರುವ ಇವಾನ್ ಪಾವ್ಲೊವನ ನಿಯಮವೇ ಇಲ್ಲೂ ಕೆಲಸ ಮಾಡುತ್ತದೆ. ಇಲ್ಲಿ ಗಂಟೆಯ ಬದಲು ಯಜಮಾನನ ಅಂಗೈ, ಆಹಾರದ ಬದಲು ನೋವು.

ಮುದಿನಾಯಿಗಳದ್ದು ಇನ್ನೊಂದು ಕಥೆ. ಹತ್ತು ವರ್ಷ ದಾಟಿದ ನಾಯಿಗೆ ಕಣ್ಣಿಗೆ ಪೊರೆ ಬಂದಿರುತ್ತದೆ, ಕಿವಿ ಮಂದವಾಗಿರುತ್ತದೆ, ಕೆಲವಕ್ಕೆ ಮರೆವೂ ಇರುತ್ತದೆ. ಮಲಗಿದ್ದಾಗ ಮೇಲೆ ಕಾಲಿಟ್ಟರೆ, ಹಿಂದಿನಿಂದ ಬಂದು ಮುಟ್ಟಿದರೆ, ಎಚ್ಚರವಾಗುವ ಮೊದಲೇ ಬಾಯಿಹಾಕಿರುತ್ತದೆ. ಯಾರ ಕಾಲು ಎಂದು ನೋಡುವುದು ಆಮೇಲೆ. ಅಪಸ್ಮಾರ, ಥೈರಾಯ್ಡ್ ಕೊರತೆ, ಮಿದುಳಿನ ಗಡ್ಡೆಗಳೂ ಸ್ವಭಾವ ಕೆಡಿಸುತ್ತವೆ, ಆದರೆ ಅವು ವಿರಳ.

ತಟ್ಟೆ, ಮರಿ, ಜಾಗ

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಲಾನಾ ರೈಸ್ನರ್ ಮತ್ತು ಸಂಗಡಿಗರು ಮಕ್ಕಳನ್ನು ಕಚ್ಚಿದ 103 ನಾಯಿಗಳನ್ನೂ 111 ಕಡಿತಗಳನ್ನೂ ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ವರದಿ ಈ ವಿಷಯದಲ್ಲಿ ತುಂಬ ಬೆಳಕು ಕೊಡುತ್ತದೆ. ಪರಿಚಿತ ಮಕ್ಕಳನ್ನು ನಾಯಿಗಳು ಹೆಚ್ಚಾಗಿ ಕಚ್ಚಿದ್ದು ಆಹಾರ ಅಥವಾ ತಮ್ಮದೆಂದು ಹಿಡಿದಿಟ್ಟುಕೊಂಡ ವಸ್ತುವಿನ ಬಳಿಗೆ ಮಕ್ಕಳು ಬಂದಾಗ. ಅಪರಿಚಿತ ಮಕ್ಕಳನ್ನು ಕಚ್ಚಿದ್ದು ಜಾಗದ ಕಾವಲಿಗೆ. ಕಾಯಿಲೆ ಇದ್ದದ್ದು ಅಥವಾ ಇರಬಹುದೆಂಬ ಶಂಕೆ ಬಂದದ್ದು ಅರ್ಧದಷ್ಟು ನಾಯಿಗಳಲ್ಲಿ. ಹಿನ್ನೆಲೆ ತಿಳಿದಿದ್ದ ನಾಯಿಗಳ ಪೈಕಿ ಶೇ. 66ರಷ್ಟು ಅದಕ್ಕೆ ಮೊದಲು ಯಾವ ಮಗುವನ್ನೂ ಕಚ್ಚಿರಲಿಲ್ಲ. ಹಿಂದೆ ಕಚ್ಚಿಲ್ಲ ಎಂಬುದು ಮುಂದೆ ಕಚ್ಚುವುದಿಲ್ಲ ಎಂಬುದಕ್ಕೆ ಆಧಾರವಲ್ಲ ಎಂದಾಯಿತು.

ಅನ್ನಕ್ಕೆ ಗಂಜಿ ಬೆರೆಸಿ ಹಾಕಿದ ತಟ್ಟೆಯ ಬಳಿ ಏನೂ ಅನ್ನದ ನಾಯಿ ಭಾನುವಾರದ ಕೋಳಿ ಎಲುಬಿಗೆ ಬೇರೆಯೇ ಆಗಿ ನಿಲ್ಲುವುದನ್ನು ಮನೆಯವರು ನೋಡಿಯೇ ಇರುತ್ತಾರೆ. ವಸ್ತುವಿನ ಬೆಲೆ ಏರಿದಂತೆ ಕಾವಲೂ ಏರುತ್ತದೆ. ಮರಿ ಹಾಕಿದ ಹೆಣ್ಣುನಾಯಿ ಸೌದೆ ಕೊಟ್ಟಿಗೆಗೆ ಸೌದೆ ತರಲು ಹೋದ ಯಜಮಾನಿಯನ್ನೇ ಕಚ್ಚುವುದು ಇದೇ ಜಾತಿಯದ್ದು. ಕೆಲವು ವಾರ ಕಳೆದರೆ ತಾನಾಗಿ ಶಮನವಾಗುತ್ತದೆ. ಕಾರ್ತಿಕದ ಹೊತ್ತಿಗೆ ಬೆದೆಗೆ ಬಂದ ಹೆಣ್ಣಿನ ಹಿಂದೆ ಗುಂಪುಗಟ್ಟುವ ಗಂಡುನಾಯಿಗಳು ತಮ್ಮತಮ್ಮಲ್ಲೇ ಕಾದಾಡುತ್ತಿರುವಾಗ, ಬಿಡಿಸಲು ಹೋದ ಯಜಮಾನನಿಗೂ ಹಲ್ಲು ತಾಗುತ್ತದೆ. ಎದುರಾಳಿಗೆ ಹೊರಟ ಸಿಟ್ಟು ನಡುವೆ ಬಂದವರ ಮೇಲೆ ತಿರುಗುವ ಈ ಬಗೆಯಲ್ಲಿ ಗಾಯ ಆಳವಾಗಿರುತ್ತದೆ. ಕೈ ಹಾಕುವ ಬದಲು ಒಂದು ಕೊಡ ನೀರು ಎರಚುವುದು ಕ್ಷೇಮ.

ಕಂಡವರೇ, ಕಾಣದ ವೇಷದಲ್ಲಿ

ನಾಯಿಯದ್ದು ಮೂಗಿನ ಲೋಕ ಎಂದು ಎಲ್ಲರೂ ಹೇಳುತ್ತಾರೆ. ಆದರೂ ದೂರದಿಂದ ಬರುವವರನ್ನು ಅದು ಮೊದಲು ಗುರುತಿಸುವುದು ಆಕಾರ ಮತ್ತು ನಡಿಗೆಯಿಂದ. ಗಾಳಿ ತಿರುಗಿ ವಾಸನೆ ಬಂದ ಮೇಲಷ್ಟೇ ಖಾತ್ರಿಯಾಗುತ್ತದೆ. ದಿನಾ ಲುಂಗಿ, ಬನಿಯನ್ನಿನಲ್ಲಿ ಬರುವ ಕೆಲಸದವರು ಒಂದು ದಿನ ಮಳೆಕೋಟು ಹಾಕಿ, ಹೆಲ್ಮೆಟ್ ತೆಗೆಯದೆ, ಹೆಗಲ ಮೇಲೆ ಉದ್ದದ ಫೈಬರ್ ದೋಟಿ ಇಟ್ಟು ಬಂದರೆ ನಾಯಿಗೆ ಅವರು ಬೇರೆಯೇ ಪ್ರಾಣಿ. ಮೈತುಂಬ ಬೋರ್ಡೋ ದ್ರಾವಣ ಸಿಡಿದಿದ್ದರೆ ವಾಸನೆಯ ಸಾಕ್ಷಿಯೂ ಸಿಕ್ಕುವುದಿಲ್ಲ. ಕುಡಿದು ಬಂದವರ ನಡಿಗೆಯೂ ಬದಲು, ವಾಸನೆಯೂ ಬದಲು, ಮಾತಿನ ಏರಿಳಿತವೂ ಬದಲು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು, ನವರಾತ್ರಿಯ ವೇಷದವರು, ಊರುಗೋಲು ಹಿಡಿಯಲು ತೊಡಗಿದ ಅಜ್ಜ, ಗಾಲಿಕುರ್ಚಿಯಲ್ಲಿ ಆಸ್ಪತ್ರೆಯಿಂದ ಮರಳಿದ ಮನೆಯಾಕೆ, ಎಲ್ಲರದ್ದೂ ಅದೇ ಪಾಡು. ದೂರದಲ್ಲೇ ನಿಂತು ಹೆಸರು ಕೂಗಿ ದನಿ ಕೇಳಿಸುವ ಹಳಬರ ಅಭ್ಯಾಸಕ್ಕೆ ಇಲ್ಲಿ ಒಳ್ಳೆಯ ಅರ್ಥವಿದೆ.

ಇದರ ಜೊತೆಗೆ ದಿಗಿಲುಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಹಿಂದಿನ ರಾತ್ರಿ ಆನೆ ಬಂದು ಅರಣ್ಯ ಇಲಾಖೆಯವರು ಪಟಾಕಿ ಸಿಡಿಸಿದ್ದಾರೆ. ನಾಯಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಮಂಗ ಓಡಿಸಲು ನೆರೆಮನೆಯಲ್ಲಿ ಗರ್ನಾಲು. ಹತ್ತು ಗಂಟೆಗೆ ಹುಲ್ಲು ಕತ್ತರಿಸುವ ಯಂತ್ರದ ಕಿರುಚು. ಮಧ್ಯಾಹ್ನ ಮನೆತುಂಬ ನೆಂಟರು. ಸಂಜೆ ಗುಡುಗು. ಆತಂಕಕ್ಕೆ ಸಂಬಂಧಿಸಿದ ಕಾರ್ಟಿಸಾಲ್ ಮೊದಲಾದ ರಸಗಳು ಒಂದು ಹೆದರಿಕೆಯಿಂದ ಏರಿ ಇಳಿಯುವ ಮೊದಲೇ ಇನ್ನೊಂದು ಹೆದರಿಕೆ ಬಂದು ಬೀಳುತ್ತದೆ. ಬೇರೆ ಯಾವ ದಿನವೂ ತೊಂದರೆಯಾಗದ ಸಣ್ಣ ಸಂಗತಿ, ಬೆಲ್ಟು ಹಿಡಿದು ಗೂಡಿಗೆ ಎಳೆಯುವುದು, ಆ ಸಂಜೆ ಕಡಿತವಾಗುತ್ತದೆ. ಮನೆಯವರ ನೆನಪಿನಲ್ಲಿ ಉಳಿಯುವುದು ಕೊನೆಯ ಕ್ಷಣವೊಂದೇ, ಆದ್ದರಿಂದ ಕಾರಣ ಸಿಗುವುದಿಲ್ಲ.

ಮರಿಯಾಗಿದ್ದಾಗಿನ ಅನುಭವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ 1965ರಲ್ಲಿ ಗ್ರಂಥ ಪ್ರಕಟಿಸಿದ ಸ್ಕಾಟ್ ಮತ್ತು ಫುಲ್ಲರ್, ಸುಮಾರು ಮೂರರಿಂದ ಹನ್ನೆರಡು ವಾರಗಳ ಅವಧಿಯಲ್ಲಿ ಮರಿ ಯಾರನ್ನು, ಏನನ್ನು ಕಂಡು ಬೆಳೆಯುತ್ತದೋ ಅವನ್ನು ಹೆಚ್ಚು ಸುಲಭವಾಗಿ ಒಪ್ಪಿಕೊಳ್ಳುತ್ತದೆ ಎಂದು ತೋರಿಸಿದರು. ಒಂಟಿಮನೆಯ ತೋಟದಲ್ಲಿ ನಾಲ್ಕೇ ಜನರನ್ನು ನೋಡಿ ಬೆಳೆದ ನಾಯಿಗೆ ಐದನೆಯವರು ಎಷ್ಟು ವರ್ಷ ಬಂದುಹೋದರೂ ಪೂರ್ತಿ ಒಳಗಿನವರಾಗುವುದಿಲ್ಲ. ಯಜಮಾನ ಎದುರಿಗಿದ್ದಾಗ ಸಹಿಸಿಕೊಂಡಿರುತ್ತದೆ, ಅಷ್ಟೆ.

ತಳಿಯ ಮಾತು ಇಲ್ಲಿ ಬಂದೇ ಬರುತ್ತದೆ. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದು ನಿಜ. ಆದರೆ ಕಚ್ಚುತ್ತದೋ ಇಲ್ಲವೋ ಎಂಬುದನ್ನು ತಳಿಯ ಹೆಸರಿನಿಂದ ತೀರ್ಮಾನಿಸುವವರು ಸಾಕಿದ ರೀತಿಯನ್ನು ನೋಡಲು ಒಪ್ಪದವರು.

ರೇಬೀಸ್ ಎಂಬ ಅಪವಾದ

ಇಷ್ಟು ಕಾರಣಗಳನ್ನು ಹೇಳಿದ ಮೇಲೂ ಪರಿಚಿತ ನಾಯಿ ಕೆಣಕದೆ ಕಚ್ಚಿದರೆ ಮೊದಲ ಅನುಮಾನ ರೇಬೀಸಿನ ಮೇಲೆಯೇ ಇರಬೇಕು. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ಶೇ. 99ರಷ್ಟು ನಾಯಿಗಳಿಂದ ಬರುತ್ತದೆ. ಮೇಲೆ ಹೇಳಿದ ಸಮೀಕ್ಷೆಯ ಆಧಾರದ ಮೇಲೆ ಭಾರತದಲ್ಲಿ ವರ್ಷಕ್ಕೆ 5,726 ಮಂದಿ ಇದರಿಂದ ಸಾಯುತ್ತಾರೆಂದು ಅಂದಾಜಿಸಲಾಗಿದೆ. ವೈರಾಣು ಕಚ್ಚಿದ ಜಾಗದಿಂದ ನರಗಳ ಹಾದಿ ಹಿಡಿದು ಮಿದುಳು ಸೇರುತ್ತದೆ, ಅಲ್ಲಿಂದ ಜೊಲ್ಲಿನ ಗ್ರಂಥಿಗೆ ಇಳಿಯುತ್ತದೆ. ನಾಯಿಯಲ್ಲಿ ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಾಣು ಇರಬಹುದು. ಮೊದಮೊದಲು ಕಾಣುವುದು ಸ್ವಭಾವದ ಬದಲಾವಣೆ: ಚುರುಕಿನ ನಾಯಿ ಕತ್ತಲೆಯ ಮೂಲೆ ಹುಡುಕುತ್ತದೆ, ದೂರ ನಿಲ್ಲುತ್ತಿದ್ದದ್ದು ಅತಿಯಾಗಿ ಮೈಮೇಲೆ ಬೀಳುತ್ತದೆ, ಬೊಗಳುವ ದನಿ ಒಡೆಯುತ್ತದೆ, ಕಲ್ಲು ಕಡ್ಡಿ ಅಗಿಯುತ್ತದೆ.

ಹುಚ್ಚುನಾಯಿ ಎಂದರೆ ಜೊಲ್ಲು ಸುರಿಸುತ್ತ ಸಿಕ್ಕವರನ್ನೆಲ್ಲ ಕಚ್ಚಿಕೊಂಡು ಓಡುವ ನಾಯಿ ಎಂಬ ಚಿತ್ರ ಎಲ್ಲರ ತಲೆಯಲ್ಲಿದೆ. ಪರಿಚಿತರಿಗೆ ಹೆಚ್ಚು ಅಪಾಯಕಾರಿಯಾದದ್ದು ಇನ್ನೊಂದು, ಮಂಕು ಬಗೆ. ಅದರಲ್ಲಿ ನಾಯಿ ಕಚ್ಚಲು ಓಡಿಬರುವುದಿಲ್ಲ. ಕೆಳದವಡೆ ಜೋತು ಬೀಳುತ್ತದೆ, ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಸದ್ದು ಬರುತ್ತದೆ. ಮನೆಯವರು ಎಲುಬು ಸಿಕ್ಕಿಕೊಂಡಿತೆಂದು ಬಾಯೊಳಗೆ ಬೆರಳು ಹಾಕಿ ತಡಕುತ್ತಾರೆ. ಕಡಿತವಿಲ್ಲದೆಯೂ, ಬೆರಳಿನ ಸಣ್ಣ ಗೀರಿಗೆ ಜೊಲ್ಲು ತಾಗಿದರೆ ಸಾಕು. ಆದ್ದರಿಂದ ಬಾಯಿ ಮುಚ್ಚಲಾರದ ನಾಯಿಯ ಬಾಯಿಗೆ ಯಾರೂ ಬರಿಗೈ ಹಾಕಕೂಡದು. ಲಕ್ಷಣಗಳು ಶುರುವಾದ ನಾಯಿ ಹತ್ತು ದಿನದೊಳಗೆ ಸಾಯುತ್ತದೆ; ಮನುಷ್ಯರಲ್ಲಿ ಲಕ್ಷಣ ಕಂಡ ಮೇಲೆ ಉಳಿದವರು ಬೆರಳೆಣಿಕೆಯಷ್ಟು. ನಾಯಿಯಲ್ಲಿ ರೋಗ ಖಚಿತವಾಗುವುದು ಸತ್ತ ಮೇಲೆ ಮಿದುಳಿನ ಪರೀಕ್ಷೆಯಿಂದ. ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ಮತ್ತು ನಿಮ್ಹಾನ್ಸ್‌ನ ನರವೈರಾಣು ವಿಭಾಗ ಈ ಕ್ಷೇತ್ರದಲ್ಲಿ ಹೆಸರಾದವು.

ಚಿಕಿತ್ಸೆಯ ಇತಿಹಾಸದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೂ ಒಂದು ನಂಟಿದೆ. ಲೂಯಿ ಪಾಶ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಿಸಿದ ಮೇಲೆಯೂ ದಕ್ಷಿಣ ಭಾರತದಲ್ಲಿ ಅದು ಸಿಗುತ್ತಿರಲಿಲ್ಲ. 1902ರಲ್ಲಿ ಆಂಗ್ಲ ಯುವತಿಯೊಬ್ಬಳು ರೇಬೀಸಿನಿಂದ ಸತ್ತದ್ದು ದೊಡ್ಡ ಸುದ್ದಿಯಾಗಿ, ಅಮೆರಿಕದ ಹೆನ್ರಿ ಫಿಪ್ಸ್ ಕೊಟ್ಟ ಹಣದ ನೆರವಿನಿಂದ 1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ; ಪ್ರಾಂತ್ಯಕ್ಕೆ ಲಸಿಕೆ ಒದಗಿಸುವ ಕೇಂದ್ರ ಅದೇ. ಡೇವಿಡ್ ಸೆಂಪಲ್ ಕಸೌಲಿಯಲ್ಲಿ 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಿಸುವ ಲಸಿಕೆ ಸುಮಾರು ಒಂದು ಶತಮಾನ ನಡೆಯಿತು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಭಯ ಹುಟ್ಟಿದ್ದು ಅದರಿಂದ. ಅದರ ತಯಾರಿಕೆ 2005ರ ಹೊತ್ತಿಗೆ ದೇಶದಲ್ಲಿ ನಿಂತಿತು. ಲಸಿಕೆ ಹೋಗಿ ಇಷ್ಟು ವರ್ಷವಾದರೂ ಆ ಭಯ ಮಾತ್ರ ಹೋಗಿಲ್ಲ, ನಾಟಿ ಮದ್ದಿಗೆ ಓಡುವವರ ಬಾಯಲ್ಲಿ ಇವತ್ತಿಗೂ ಅದೇ ನೆಪ.

ಕಚ್ಚಿದ ಮೇಲೆ

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯುವುದು ಮೊದಲ ಚಿಕಿತ್ಸೆ, ತುಂಬ ಮುಖ್ಯವಾದ ಚಿಕಿತ್ಸೆ. ರೇಬೀಸ್ ವೈರಾಣುವಿನ ಹೊರಪದರ ಕೊಬ್ಬಿನದ್ದು, ಸೋಪಿಗೆ ಕರಗುತ್ತದೆ. ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಅರಸಿನ ಯಾವುದನ್ನೂ ಹಚ್ಚಬಾರದು. ಹೊಲಿಗೆಯನ್ನು ಸಾಧ್ಯವಾದಷ್ಟು ಮುಂದೂಡುತ್ತಾರೆ.

ಹರಿಯದ ಚರ್ಮವನ್ನು ನೆಕ್ಕಿದ್ದರೆ ಮದ್ದು ಬೇಡ. ರಕ್ತ ಬಾರದ ಗೀರಿಗೆ ಲಸಿಕೆ ಬೇಕು. ರಕ್ತ ಬಂದ ಕಡಿತಕ್ಕೆ ಲಸಿಕೆಯ ಜೊತೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಕೊಡಬೇಕು. ಲಸಿಕೆ ಮೈಯಲ್ಲಿ ಪ್ರತಿಕಾಯ ಹುಟ್ಟಿಸುವವರೆಗಿನ ದಿನಗಳಲ್ಲಿ ವೈರಾಣುವನ್ನು ಅಲ್ಲಿಯೇ ತಡೆಯುವುದು ಅದು. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನಗಳಲ್ಲಿ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನಗಳಲ್ಲಿ. ತೋಳಿಗೆ ಕೊಡುತ್ತಾರೆ, ಹೊಟ್ಟೆಗಲ್ಲ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಡ್ಡಿಯಿಲ್ಲ. ನಾಯಿಗೆ ಲಸಿಕೆ ಹಾಕಿಸಿದೆ ಎಂಬ ಮಾತಿನ ಮೇಲೆ ಮನುಷ್ಯರ ಲಸಿಕೆಯನ್ನು ತಡಮಾಡುವಂತಿಲ್ಲ.

ಕಚ್ಚಿದ ನಾಯಿಯನ್ನು ಕೊಂದುಹಾಕುವುದು ದೊಡ್ಡ ತಪ್ಪು. ಅದನ್ನು ಕಟ್ಟಿ, ಅನ್ನ ನೀರು ಕೊಟ್ಟು, ಹತ್ತು ದಿನ ನೋಡಬೇಕು. ಹತ್ತು ದಿನವೂ ಗಟ್ಟಿಮುಟ್ಟಾಗಿದ್ದರೆ ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದು ತಿಳಿಯುತ್ತದೆ. ಉಳಿದ ಚುಚ್ಚುಮದ್ದಿನ ವಿಚಾರವನ್ನು ಆಗ ವೈದ್ಯರು ತೀರ್ಮಾನಿಸುತ್ತಾರೆ. ಕೊಂದು ಹೂತರೆ ಆ ಮಾಹಿತಿಯೂ ಅದರೊಂದಿಗೆ ಮಣ್ಣುಪಾಲು.

ಕರ್ನಾಟಕ ಸರಕಾರ 2022ರ ಕೊನೆಯಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ನಾಯಿಯನ್ನು ಸರಿಯಾಗಿ ನೋಡಿಕೊಳ್ಳದೆ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬೀದಿನಾಯಿಗಳ ಬಗ್ಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು ಹಿಡಿದಲ್ಲಿಯೇ ಬಿಡಬೇಕು, ರೇಬೀಸ್ ಇರುವ ಹಾಗೂ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ಯಾವ ನಾಯಿ ಆಕ್ರಮಣಕಾರಿ ಎಂದು ನಿರ್ಧರಿಸುವುದು ಸುಲಭದ ಕೆಲಸವಲ್ಲ ಎಂಬುದು ಮೇಲಿನ ಕಾರಣಗಳನ್ನು ಓದಿದವರಿಗೆ ತಿಳಿದೀತು.

ಒಮ್ಮೆ ಕಚ್ಚಿದ ಸಾಕುನಾಯಿಯನ್ನು ಏನು ಮಾಡಬೇಕು ಎಂಬುದಕ್ಕೆ ಗಾಯದ ಆಳ ಒಂದು ಅಳತೆ. ಪಶುವೈದ್ಯ ಇಯಾನ್ ಡನ್‌ಬಾರ್ ಕಡಿತವನ್ನು ಆರು ಹಂತಗಳಾಗಿ ವಿಂಗಡಿಸಿದ್ದಾರೆ. ಹಲ್ಲು ಚರ್ಮಕ್ಕೆ ತಾಗದೆ ಉಳಿದದ್ದು ಮೊದಲನೆಯದು, ಸಾವು ಕೊನೆಯದು. ಕೆಳಗಿನ ಹಂತದ ನಾಯಿಗಳು ತಮ್ಮ ಬಾಯಿಯ ಬಲವನ್ನು ಹಿಡಿತದಲ್ಲಿ ಇಟ್ಟುಕೊಂಡವು, ಕಾರಣ ಹುಡುಕಿ ತೆಗೆದರೆ ಸುಧಾರಿಸುತ್ತವೆ. ಮೊದಲು ಪಶುವೈದ್ಯರಿಂದ ಕಿವಿ, ಹಲ್ಲು, ಕೀಲು, ರಕ್ತದ ತಪಾಸಣೆ. ಆಮೇಲೆ ಕಟ್ಟುವ ಜಾಗ ಬದಲಿಸುವುದು: ಮನೆಗೆ ಬರುವ ದಾರಿಯಿಂದ ದೂರ, ನೆರಳಿನಲ್ಲಿ, ಹಿಂದೆ ಸರಿಯಲು ಜಾಗವಿರುವ ಕಡೆ. ತಿನ್ನುವಾಗ, ಮಲಗಿದ್ದಾಗ, ಮರಿಗಳ ಜೊತೆ ಇದ್ದಾಗ ಮಕ್ಕಳು ಹತ್ತಿರ ಹೋಗದಂತೆ ದೊಡ್ಡವರು ಅಲ್ಲೇ ಇದ್ದು ನೋಡಿಕೊಳ್ಳುವುದು. ಗುರ್ರೆಂದರೆ ಹೊಡೆಯದೆ ಹಿಂದೆ ಸರಿದು, ಯಾಕೆಂದು ಹುಡುಕುವುದು.

ನಾಯಿಯ ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಮುಂದೆ ವರ್ಷಕ್ಕೊಮ್ಮೆ. ಒಂದು ಊರಿನ ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಬಿದ್ದರೆ ರೋಗದ ಸರಣಿ ಕಡಿಯುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನೆರೆಯ ಗೋವಾ ಈ ದಾರಿಯಲ್ಲಿ ಹೋಗಿ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ಮನುಷ್ಯರಿಗೆ ಬೇಕಾದ ಲಸಿಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕಚ್ಚಿದ್ದು ಸ್ವಂತ ಮನೆಯ ನಾಯಿಯಾದರೂ ಅದೇ ದಿನ ಅಲ್ಲಿಗೆ ಹೋಗಬೇಕು.